ಮೊದಲು ಮನೆಯೊಳಗೆ ಕೇಳಿಸಲಿ

ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಮನೆಯಲ್ಲಿ ಬೆಲ್ ಆದರೆ ತಾಯಿ ಒಳಗಿನಿಂದಲೇ ಮೊದಲು ಮರಾಠಿಯಲ್ಲಿ "ಕೋಣ?" (ಯಾರು?) ಎನ್ನುತ್ತಾರೆ. ಬಂದ ಉತ್ತರದ ಧಾಟಿಯಿಂದ ಗುರುತು ಹತ್ತಿದರೆ "ತಡೀರಿ, ಬಂದೆ" ಎಂದು ಕನ್ನಡಕ್ಕೆ ಹೊರಳುತ್ತಾರೆ. ರಂ.ಶ್ರೀ. ಮುಗಳಿಯವರು ಕನ್ನಡ ಪಾಠ ಹೇಳಿದ ವಿಲಿಂಗ್ಡನ್ ಕಾಲೇಜಿನ ಆಸುಪಾಸಿನಲ್ಲಿ ಹೊಸ್ತಿಲಿಗೆ ಎರಡೂ ಭಾಷೆ ಬರುತ್ತವೆ. ಆದರೆ ತಾಯಿಯ ಮಂಡಿ ಈಗ ಮೊದಲಿನಂತಿಲ್ಲ. ಹಿತ್ತಲಿನಿಂದ ತಲಬಾಗಿಲಿಗೆ ಅವರು ಬರುವಷ್ಟರಲ್ಲಿ ಪಾರ್ಸಲ್ ತಂದ ಹುಡುಗ ಹೋಗಿಯೇ ಬಿಟ್ಟಿರುತ್ತಾನೆ. ಹಾಗಾಗಿ ಕೈಗೆಟುಕುವ ಬೆಲೆಯ ವಿಡಿಯೊ ಡೋರ್‌ಬೆಲ್ ಹುಡುಕಲು ಹೊರಟೆ.

ಈ ವಸ್ತುವನ್ನು ಅಳೆಯಲು ಒಂದು ಹಳೆಯ ಅಳತೆಗೋಲು ಇದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕಾಗುತ್ತಿದ್ದ ಅವರು, ಗಂಡನ ಜೊತೆ ಸೇರಿ 1966ರಲ್ಲಿ ಒಂದು ವ್ಯವಸ್ಥೆಗೆ ಪೇಟೆಂಟ್ ಕೋರಿದರು. ಬಾಗಿಲಲ್ಲಿ ಬೇರೆ ಬೇರೆ ಎತ್ತರದ ಇಣುಕುಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಪರದೆ, ಹೊರಗಿನವರ ಜೊತೆ ಮಾತಾಡಲು ಮೈಕ್. ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಅದರ ಉದ್ದೇಶ ಸ್ಪಷ್ಟವಾಗಿತ್ತು: ಬಾಗಿಲು ತೆರೆಯಬೇಕೋ ಬೇಡವೋ ಎಂದು ಒಳಗಿದ್ದವರು ನೋಡಿ ತೀರ್ಮಾನಿಸಬೇಕು. ಇಂದಿನ ಅಗ್ಗದ ಡೋರ್‌ಬೆಲ್‌ಗಳಲ್ಲಿ ಹಲವು ಸೋಲುವುದು ಇಲ್ಲಿಯೇ.

ನಾನು ಮೊದಲು ತಂದ ಬೆಲ್ ಸೋತದ್ದೂ ಹಾಗೆಯೇ. ಒತ್ತಿದರೆ ಪುಣೆಯಲ್ಲಿದ್ದ ನನ್ನ ಫೋನು ಬಾರಿಸುತ್ತಿತ್ತು, ತಾಯಿಯ ಅಡುಗೆಮನೆಗೆ ಸದ್ದೇ ಇಲ್ಲ. ಒಳಗೆ ಸದ್ದು ಮಾಡುವ ಚೈಮ್ ಬೇರೆಯಾಗಿ ಕೊಳ್ಳಬೇಕಿತ್ತು. ನಾನು ಆ್ಯಪ್ ತೆರೆದು, ಚಿತ್ರ ಮೂಡಿ, "ಯಾರು?" ಎನ್ನುವಷ್ಟರಲ್ಲಿ ಪರದೆಯ ಮೇಲೆ ಉಳಿದದ್ದು ಗೇಟು ದಾಟುತ್ತಿರುವ ಬೆನ್ನು. ಆದ್ದರಿಂದ ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್ ನೋಡುವ ಮೊದಲು ನೋಡಬೇಕಾದದ್ದು ಎರಡು. ಚೈಮ್ ಜೊತೆಯಲ್ಲೇ ಬರುತ್ತದೆಯೇ? ಇಂಟರ್ನೆಟ್ ಹೋದಾಗಲೂ ಅದು ಬಾರಿಸುತ್ತದೆಯೇ?

ಇನ್ನು ಕರೆಂಟಿನ ಮಾತು, ಇದರಲ್ಲಿ ಎಚ್ಚರ ತಪ್ಪಬಾರದು. ಅಮೆರಿಕದ ಮನೆಗಳ ಬೆಲ್‌ಗೆ ಟ್ರಾನ್ಸ್‌ಫಾರ್ಮರ್ ಮೂಲಕ 16ರಿಂದ 24 ವೋಲ್ಟ್ ಬರುತ್ತದೆ, ಅಲ್ಲಿನ ತಂತಿಯ ಡೋರ್‌ಬೆಲ್‌ಗಳು ಅದಕ್ಕೆ ತಕ್ಕಂತೆ ಮಾಡಿದವು. ನಮ್ಮ ಬಾಗಿಲಿನ ಬೆಲ್ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಇರುವುದು ನೇರ 230 ವೋಲ್ಟ್. ವಿದೇಶದಿಂದ ಮಕ್ಕಳು ತಂದುಕೊಟ್ಟ ಬೆಲ್ಲನ್ನು ಹಳೆ ತಂತಿಗೆ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ, ಜೀವಕ್ಕೂ ಅಪಾಯ. ಇಲ್ಲಿನ ವಿದ್ಯುತ್ತಿಗೆ ಹೊಂದುವ ಅಡಾಪ್ಟರ್ ಇರುವುದನ್ನಾಗಲಿ, ಬ್ಯಾಟರಿಯದನ್ನಾಗಲಿ ತೆಗೆದುಕೊಳ್ಳುವುದು ಲೇಸು. ಬ್ಯಾಟರಿಯದಾದರೆ ಅದನ್ನು ಬಿಚ್ಚಿ ಚಾರ್ಜ್ ಮಾಡುವವರು ಮನೆಯಲ್ಲಿ ಇದ್ದಾರೆಯೇ ಎಂದೂ ಯೋಚಿಸಬೇಕು.

ಚಿತ್ರದ ವಿಷಯದಲ್ಲಿ ಸ್ಪಷ್ಟತೆಗಿಂತ ಆಕಾರ ಮುಖ್ಯ. ಟಿವಿಯಂತೆ ಅಗಲವಾದ ಚಿತ್ರದಲ್ಲಿ ಬೀದಿಯೆಲ್ಲ ಕಾಣುತ್ತದೆ, ರಂಗೋಲಿಯ ಪಕ್ಕ ಇಟ್ಟುಹೋದ ಪಾರ್ಸಲ್ ಕಾಣುವುದಿಲ್ಲ. ನೆತ್ತಿಯಿಂದ ಕಾಲಿನವರೆಗೆ ತೋರಿಸುವ ಎತ್ತರದ ಚೌಕಟ್ಟೇ ಹೊಸ್ತಿಲಿಗೆ ಸರಿ. ಪಡುವಣ ಬಾಗಿಲಾದರೆ ಸಂಜೆ ಬಿಸಿಲಿಗೆ ಬಂದವರ ಮುಖ ಕಪ್ಪು ನೆರಳಾಗುತ್ತದೆ. ಬೆಳಕು-ನೆರಳನ್ನು ಸರಿದೂಗಿಸುವ ಸೌಲಭ್ಯ ಇದೆಯೇ ಎಂದು ಕೇಳಬೇಕು. ಅಗ್ಗದ ಬೆಲ್‌ಗಳು ಮನುಷ್ಯರನ್ನು ಗುರುತಿಸಲು ಹೆಚ್ಚಾಗಿ ನಂಬುವುದು ಪಿಐಆರ್ ಸಂವೇದಕವನ್ನು. ಅದು ಹಿಡಿಯುವುದು ಮೈಯ ಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಎದುರಿನ ಗೋಡೆ ಮೈಯಷ್ಟೇ ಕಾದರೆ ಅದಕ್ಕೆ ದಿಕ್ಕು ತೋಚುವುದಿಲ್ಲ.

ಇವೆಲ್ಲ ಸಹಿಸಬಹುದಾದ ಕೊರತೆಗಳು. ಸಹಿಸಬಾರದ್ದು ಒಂದಿದೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್, ಏಕೆನ್ ಎಂಬ ಕಂಪನಿ ತಯಾರಿಸಿದ, ಐವಿಟ್ ಆ್ಯಪ್‌ನಿಂದ ನಡೆಯುವ ಅಗ್ಗದ ಡೋರ್‌ಬೆಲ್‌ಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಬಾಗಿಲ ಬಳಿ ಬಂದ ಯಾರೇ ಆದರೂ ಗುಂಡಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದು ಬೆಲ್ಲನ್ನು ತಮ್ಮ ಫೋನಿಗೆ ಸೇರಿಸಿಕೊಳ್ಳಬಹುದಿತ್ತು. ಕ್ರಮಸಂಖ್ಯೆ ಗೊತ್ತಾದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಅದರ ಚಿತ್ರಗಳು ದೂರದಿಂದ ಸಿಗುತ್ತಿದ್ದವು. ಅದೇ ವಸ್ತು ಹಲವು ಬ್ರ್ಯಾಂಡ್ ಹೆಸರುಗಳಲ್ಲಿ ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿತ್ತು. ಕಾವಲಿಗೆಂದು ತಂದ ವಸ್ತುವೇ ಕನ್ನ ಕೊರೆದರೆ ಅಗ್ಗ ಎಂಬ ಮಾತಿಗೆ ಅರ್ಥವಿಲ್ಲ. ತಯಾರಕರ ವಿಳಾಸ, ವಾರಂಟಿ ಕೊಡುವವರು, ಸಾಫ್ಟ್‌ವೇರ್ ಅಪ್‌ಡೇಟ್‌ನ ಭರವಸೆ, ಲಾಗಿನ್‌ಗೆ ಎರಡು ಹಂತದ ದೃಢೀಕರಣ, ಇವಿಲ್ಲದ್ದನ್ನು ಬಿಟ್ಟಿ ಕೊಟ್ಟರೂ ಬಾಗಿಲಿಗೆ ಹಚ್ಚಬಾರದು.

ಬೆಲೆಯ ಲೆಕ್ಕವೂ ಕೊಂಡ ದಿನಕ್ಕೆ ಮುಗಿಯುವುದಿಲ್ಲ. ದೃಶ್ಯಗಳನ್ನು ಕ್ಲೌಡ್‌ನಲ್ಲಿಡಲು ತಿಂಗಳಿಗೆ ಬರೀ 100 ರೂಪಾಯಿ ಎಂದುಕೊಂಡರೂ ಮೂರು ವರ್ಷಕ್ಕೆ 3,600. ಹೊರಗಿನ ಬೆಲ್ಲಿನೊಳಗೇ ಮೆಮೊರಿ ಕಾರ್ಡ್ ಇದ್ದರೆ, ಬೆಲ್ ಕಿತ್ತುಕೊಂಡು ಹೋದ ಕಳ್ಳ ಸಾಕ್ಷಿಯನ್ನೂ ಒಯ್ಯುತ್ತಾನೆ. ಮನೆಯೊಳಗಿನ ಚೈಮ್‌ನಲ್ಲೇ ದೃಶ್ಯ ಉಳಿಸುವಂಥದ್ದು ತುಸು ದುಬಾರಿಯಾದರೂ ನನ್ನ ಮಟ್ಟಿಗೆ ನಿಜವಾದ ಅಗ್ಗ ಅದೇ.

ಇನ್ನು ಎದುರುಮನೆಯವರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯ ಡೋರ್‌ಬೆಲ್ ಮತ್ತು ಕ್ಯಾಮೆರಾಗಳ ಕುರಿತ ನೆರೆಹೊರೆಯವರ ವ್ಯಾಜ್ಯದಲ್ಲಿ, ಚಿತ್ರಕ್ಕಿಂತ ದೂರದ ಮಾತು ಹಿಡಿಯುವ ಧ್ವನಿಮುದ್ರಣವೇ ಹೆಚ್ಚು ತೊಂದರೆಯದು ಎಂದಿತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲಿಗೆ ಬಾಗಿಲು ಎದುರು. ಎದುರಿನವರ ಹೊಸ್ತಿಲನ್ನು ಚಿತ್ರದಿಂದ ಮರೆಮಾಡುವ, ಧ್ವನಿಮುದ್ರಣ ನಿಲ್ಲಿಸುವ ಸೌಲಭ್ಯವಿರುವ ಬೆಲ್ಲನ್ನೇ ಆರಿಸಬೇಕು. ಹಚ್ಚುವ ಮೊದಲು ಅವರಿಗೊಂದು ಮಾತು ಹೇಳಬೇಕು.

ಹಿಂತಿರುಗಿಸುವ ಗಡುವು ಮುಗಿಯುವುದರೊಳಗೆ ಮೂರು ಪರೀಕ್ಷೆ ಮಾಡಿ. ವೈಫೈ ನಿಲ್ಲಿಸಿ ಗುಂಡಿ ಒತ್ತಿ. ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ಒಬ್ಬರನ್ನು ನಿಲ್ಲಿಸಿ. ಹೊಸ್ತಿಲ ಮೇಲೆ ಒಂದು ಡಬ್ಬಿಯಿಟ್ಟು ಅದು ಕಾಣುತ್ತದೆಯೇ ನೋಡಿ.

ಎರಡನೆಯ ಸಲ ತಂದ ಬೆಲ್ ಈ ಮೂರರಲ್ಲೂ ಪಾಸಾಯಿತು. ಹಳೆಯದೊಂದು ಫೋನನ್ನು ಅಡುಗೆಮನೆಯ ಗೂಡಿನಲ್ಲಿ ಅದಕ್ಕೆಂದೇ ಇಟ್ಟಿದ್ದೇವೆ. ಮೊನ್ನೆ ಬೆಲ್ ಆದಾಗ ಅದರಲ್ಲಿ "ಅಪರಿಚಿತ ವ್ಯಕ್ತಿ" ಎಂದು ಬಂತು. ತಾಯಿ ಕನ್ನಡಕ ಏರಿಸಿ ನೋಡಿದರು. ಜತ್ತದ ಕಡೆಯಿಂದ ವಾರಕ್ಕೊಮ್ಮೆ ಬರುವ ಹೂವಿನವಳು. ಈ ಸಲ "ಕೋಣ?" ಎನ್ನಲಿಲ್ಲ. "ಕೂಡವ್ವ, ಬಂದೆ" ಎಂದರು, ಕನ್ನಡದಲ್ಲೇ. ಅವಳು ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೂತಳು.