ಹತ್ತು ತಲೆ ಎಣಿಸುವ ಕಾನೂನು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾ ಅಂಗಡಿಯೊಂದು ಕೊಚ್ಚಿಹೋಯಿತು. ಅಂಗಡಿ ನಡೆಸುತ್ತಿದ್ದ ದಂಪತಿ, ಅವರ ಮಕ್ಕಳು, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು ಪ್ರಾಣ ಕಳೆದುಕೊಂಡರು. ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಈ ದುರಂತವನ್ನು ನಾವು ಪ್ರಕೃತಿ ವಿಕೋಪ ಎಂದು ನೆನೆಯುತ್ತೇವೆ. ಸತ್ತವರಲ್ಲಿ ಹಲವರು ದುಡಿಮೆಯ ಜಾಗದಲ್ಲೇ ಸತ್ತರು ಎಂಬುದನ್ನು ಮಾತ್ರ ಮರೆಯುತ್ತೇವೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯನ್ನು ಈ ನೆನಪಿನೊಂದಿಗೇ ಓದಬೇಕು. ಕೆಲಸದ ಜಾಗವನ್ನು ಅಪಾಯಮುಕ್ತವಾಗಿ ಇಡುವುದು ಮಾಲೀಕನ ಕರ್ತವ್ಯ, ಅದರ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟಬಾರದು ಎನ್ನುತ್ತದೆ ಅದು. ನೇಮಕ ಪತ್ರ, ಉಚಿತ ಆರೋಗ್ಯ ತಪಾಸಣೆ ಕೂಡ ಅದರಲ್ಲಿವೆ. ಮೆಚ್ಚಬೇಕಾದ ಮಾತುಗಳೇ. ಆದರೆ ಸಾಮಾನ್ಯವಾಗಿ ಅವು ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಮೊದಲು ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು.

ಕಾರವಾರ, ಅಂಕೋಲೆಗಳಲ್ಲಿ ದುಡಿಮೆಯ ಬಹುಪಾಲು ನಡೆಯುವುದು ಈ ಗೆರೆಯ ಕೆಳಗೆ. ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ಲಾರಿ ಟಯರಿಗೆ ಗಾಳಿ ತುಂಬುವ ಹುಡುಗ ಒಬ್ಬನೇ ಇರುತ್ತಾನೆ, ಟಯರ್ ಸಿಡಿದರೆ ತಡೆಯಲು ಕಬ್ಬಿಣದ ಪಂಜರ ಇರುವುದಿಲ್ಲ. ಬೈತಖೋಲ ಬಂದರಿನಂಥ ಕಡೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಬಾಯಿಗೆ ಮುಚ್ಚಳ ಬೇಕು, ಒದ್ದೆ ನೆಲದ ಮೇಲೆ ಓಡುವ ವೈರಿಗೆ ಸರಿಯಾದ ಅರ್ಥಿಂಗ್ ಬೇಕು. ಕರೆಂಟು ಹೊಡೆಯುವ ಮುನ್ನ ಎಷ್ಟು ಜನ ಇದ್ದಾರೆಂದು ಕೇಳುವುದಿಲ್ಲ.

ಇಲ್ಲಿ ನನ್ನನ್ನು ಕಾಡುವ ವಿರೋಧಾಭಾಸ ಒಂದಿದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಕಾಲದಿಂದ, ಅದರ ಅನುಸೂಚಿಯ ಅನೇಕ ಕೆಲಸಗಳಲ್ಲಿ ಒಬ್ಬನೇ ಕೆಲಸಗಾರ ಸತ್ತರೂ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪಿತ್ತೇ ಎಂಬ ಪ್ರಶ್ನೆಯೂ ಇಲ್ಲ. ಈಗ ಆ ಹೊಣೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಅಂದರೆ ಸತ್ತ ಮೇಲೆ ಒಬ್ಬನೂ ಲೆಕ್ಕಕ್ಕೆ ಸಿಗುತ್ತಾನೆ, ಬದುಕಿರುವಾಗ ಲೆಕ್ಕಕ್ಕೆ ಬರಲು ಅವನ ಜೊತೆಗೆ ಇನ್ನೂ ಒಂಬತ್ತು ಜನ ಬೇಕು.

ಸಣ್ಣ ಮಾಲೀಕರ ಅಳಲು ಸುಳ್ಳಲ್ಲ. ಕಾಗದಪತ್ರ ಹೆಚ್ಚಿದರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯ ಅವರಿಗಿದೆ. ಆದರೆ ಕೈಗವಸು, ವೆಲ್ಡಿಂಗ್ ಕನ್ನಡಕ, ಯಂತ್ರದ ಮುಚ್ಚಳಕ್ಕೆ ಬೇಕಾದದ್ದು ಕಾಗದಪತ್ರವಲ್ಲ, ಸ್ವಲ್ಪ ಹಣ ಮತ್ತು ಮನಸ್ಸು. ಇಲ್ಲಿ ಮಾಲೀಕನೂ ಆಳಿನ ಪಕ್ಕದಲ್ಲೇ ನಿಂತು ದುಡಿಯುವವನು. ಶಿರೂರಿನ ಚಹಾ ಅಂಗಡಿಯವರಂತೆ ಮನೆಮಂದಿಯನ್ನೂ ಅಲ್ಲೇ ಇಟ್ಟುಕೊಂಡವನು.

ಹಾಗೆಂದು ಎಲ್ಲವನ್ನೂ ಅವನ ಮೇಲೆ ಹೊರಿಸುವುದು ಅನ್ಯಾಯ. ಹೆದ್ದಾರಿಗಾಗಿ ಕಡಿದ ಗುಡ್ಡಕ್ಕೆ ಚಹಾ ಮಾರುವವನು ತಡೆಗೋಡೆ ಕಟ್ಟಲಾರ. ಆ ಹೊಣೆ ರಸ್ತೆ ಮಾಡಿಸಿದವರದು. ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸಗಳಲ್ಲಿ ಒಬ್ಬನೇ ಇದ್ದರೂ ಅನ್ವಯವಾಗುವ ಬಾಗಿಲನ್ನು ಸಂಹಿತೆಯೇ ತೆರೆದಿಟ್ಟಿದೆ. ಸರ್ಕಾರ ಅದನ್ನು ಬಳಸಲಿ. ಪಂಚಾಯತಿ, ನಗರಸಭೆಗಳು ವ್ಯಾಪಾರ ಪರವಾನಗಿ ಕೊಡುವಾಗ ಅಂಗಡಿಯ ಹಿಂದಿನ ಗುಡ್ಡವನ್ನೂ ಒಳಗಿನ ವೈರನ್ನೂ ನೋಡಲಿ. ಶಿರೂರಿನಲ್ಲಿ ಹೋದವರಿಗೆ ಸಲ್ಲಬೇಕಾಗಿದ್ದದ್ದು ಮೊದಲೇ ಒಮ್ಮೆ ಬಂದು ನೋಡುವ ಈ ಕಣ್ಣು.