ಇಳಿದು ಹೋದವರಿಗೆ ಇನಾಮು

ಮೊ ಇಬ್ರಾಹಿಂ ಪ್ರಶಸ್ತಿಗೆ ಈ ಸಲ ಯಾರೂ ಆಯ್ಕೆಯಾಗಿಲ್ಲ ಎಂಬ ಪ್ರಕಟಣೆ ಹೊರಬಿದ್ದಾಗಲೆಲ್ಲ ವಿದೇಶ ಸುದ್ದಿಯ ಪುಟಗಳಲ್ಲಿ ಒಂದೇ ರಾಗ: ಇಡೀ ಆಫ್ರಿಕಾದಲ್ಲಿ ಒಬ್ಬನೇ ಒಬ್ಬ ಪ್ರಾಮಾಣಿಕ ನಾಯಕ ಸಿಗಲಿಲ್ಲವಂತೆ. ಹಾಗೆ ಖಾಲಿ ಹೋದ ವರ್ಷಗಳೂ ಕಡಿಮೆಯೇನಲ್ಲ. 2007ರಿಂದ 2020ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಪ್ರಶಸ್ತಿ ಸಂದದ್ದು ಆರು ಜನಕ್ಕೆ: ಮೊಜಾಂಬಿಕ್‌ನ ಚಿಸ್ಸಾನೊ, ಬೋಟ್ಸ್ವಾನಾದ ಮೊಗೆ, ಕೇಪ್ ವರ್ಡೆಯ ಪಿರೆಸ್, ನಮೀಬಿಯಾದ ಪೊಹಾಂಬಾ, ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ನೈಜರ್‌ನ ಇಸ್ಸೂಫು. ಮಂಡೇಲಾರಿಗೆ ಕೊಟ್ಟದ್ದು ಗೌರವ ಪ್ರಶಸ್ತಿ. ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶಸ್ತಿಯ ಷರತ್ತುಗಳನ್ನು ಓದಿದವರು ಈ ರಾಗಕ್ಕೆ ತಾಳ ಹಾಕಲಾರರು. ಅಭ್ಯರ್ಥಿ ಅಧ್ಯಕ್ಷನೋ ಪ್ರಧಾನಿಯೋ ಆಗಿದ್ದವನಾಗಿರಬೇಕು. ಚುನಾವಣೆಯಲ್ಲಿ ಗೆದ್ದೇ ಬಂದಿರಬೇಕು. ಸಂವಿಧಾನ ಹೇಳಿದ ಅವಧಿಯೊಳಗೆ ಇಳಿದಿರಬೇಕು, ಅದೂ ಹಿಂದಿನ ಮೂರು ವರ್ಷಗಳಲ್ಲಿ. ಇಷ್ಟಾದ ಮೇಲೆ ಆಡಳಿತ ಅಸಾಧಾರಣವಾಗಿತ್ತು ಎಂದು ಸಮಿತಿಗೆ ಅನಿಸಬೇಕು. ಇದೇ ಜರಡಿಯಲ್ಲಿ ಏಷ್ಯಾವನ್ನೋ ಯುರೋಪನ್ನೋ ಸೋಸಿದರೆ ಪ್ರತಿವರ್ಷ ಎಷ್ಟು ಕಾಳು ಉಳಿದೀತು? ಖಾಲಿ ಬಿಡುವ ವಿಷಯದಲ್ಲಿ ಸಮಿತಿಯನ್ನು ದೂರುವ ಹಾಗಿಲ್ಲ. ಕೊಡಲೇಬೇಕೆಂದು ಯಾರನ್ನೋ ಹುಡುಕಿ ಕೊಡದಿರುವುದು ಈ ಪ್ರಶಸ್ತಿಯ ಅತಿ ಗಟ್ಟಿಯಾದ ಗುಣ.

ನನ್ನ ತಕರಾರು ಬೇರೆ: ಕೊಟ್ಟಾಗ ಯಾರಿಗೆ ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ ಎಂಬುದು.

ಮೊ ಇಬ್ರಾಹಿಂ ಸುಡಾನ್ ಮೂಲದ ಉದ್ಯಮಿ. 1998ರಲ್ಲಿ ಆಫ್ರಿಕಾಕ್ಕೆಂದೇ ಸೆಲ್ಟೆಲ್ ಎಂಬ ಮೊಬೈಲ್ ಕಂಪನಿ ಕಟ್ಟಿ, 2005ರಲ್ಲಿ 340 ಕೋಟಿ ಡಾಲರ್‌ಗೆ ಕುವೈತಿನವರಿಗೆ ಮಾರಿದರು. ಆ ಜಾಲವೇ ಝೈನ್ ಆಗಿ, 2010ರಲ್ಲಿ ನಮ್ಮ ಏರ್‌ಟೆಲ್ ಕೈಗೆ ಬಂತು. ಅವರ ತರ್ಕ ನೇರವಾಗಿದೆ. ಯುರೋಪಿನ ಮಾಜಿ ಪ್ರಧಾನಿಗೆ ಕಂಪನಿಗಳ ನಿರ್ದೇಶಕ ಸ್ಥಾನ, ಭಾಷಣ, ಪುಸ್ತಕ ಎಲ್ಲವೂ ಕಾದಿರುತ್ತವೆ. ಆಫ್ರಿಕಾದ ಮಾಜಿ ಅಧ್ಯಕ್ಷನಿಗೆ ಏನಿದೆ? ಹಾಗಾಗಿ ಹತ್ತು ವರ್ಷಗಳಲ್ಲಿ 50 ಲಕ್ಷ ಡಾಲರ್, ಆಮೇಲೆ ಬದುಕಿರುವವರೆಗೆ ವರ್ಷಕ್ಕೆ 2 ಲಕ್ಷ ಡಾಲರ್.

ಕೇಳಲು ಚೆನ್ನಾಗಿದೆ. ಆದರೆ ಈಕ್ವಟೋರಿಯಲ್ ಗಿನಿಯ ಒಬಿಯಾಂಗ್ 1979ರಿಂದ, ಕ್ಯಾಮರೂನ್‌ನ ಪಾಲ್ ಬಿಯಾ 1982ರಿಂದ ಕುರ್ಚಿ ಬಿಡದಿರುವುದು ಪಿಂಚಣಿಯ ಚಿಂತೆಯಿಂದ ಎಂದು ಯಾರಾದರೂ ನಂಬುತ್ತಾರೆಯೇ? ಇಳಿಯುವ ಮನಸ್ಸಿದ್ದವನು ಹಣವಿಲ್ಲದೆಯೂ ಇಳಿಯುತ್ತಾನೆ. ಇಳಿಯದವನಿಗೆ 50 ಲಕ್ಷ ಡಾಲರ್ ಕೈಖರ್ಚಿನ ಕಾಸು.

ಇದಕ್ಕಿಂತ ಆಳದ ತಪ್ಪೆಂದರೆ, ದೇಶದ ಪ್ರಾಮಾಣಿಕತೆಯನ್ನು ಒಬ್ಬ ಮನುಷ್ಯನ ಸ್ವಭಾವದೊಳಗೆ ಹುಡುಕುವುದು. 2021ರ ಮಾರ್ಚ್‌ನಲ್ಲಿ ಇಸ್ಸೂಫು ಹೆಸರು ಘೋಷಣೆಯಾಯಿತು. ಎರಡು ಅವಧಿ ಮುಗಿಸಿ, ಮೂರನೆಯದಕ್ಕೆ ಕೈಚಾಚದೆ, ಚುನಾಯಿತ ಉತ್ತರಾಧಿಕಾರಿ ಬಝೂಮ್‌ಗೆ ಅಧಿಕಾರ ಒಪ್ಪಿಸಲು ಹೊರಟಿದ್ದರು. ನೈಜರ್‌ನಲ್ಲಿ ಹಾಗೆ ನಡೆದದ್ದು ಅದೇ ಮೊದಲು, ಮೆಚ್ಚಬೇಕಾದದ್ದೇ. 2023ರ ಜುಲೈ 26ರಂದು ಅಧ್ಯಕ್ಷರ ಅಂಗರಕ್ಷಕ ಪಡೆಯೇ ಬಝೂಮ್ ಅವರನ್ನು ಕೂಡಿಹಾಕಿತು. ಆ ಪಡೆಯ ಮುಖ್ಯಸ್ಥ ಜನರಲ್ ಚಿಯಾನಿ ದೇಶದ ಯಜಮಾನರಾದರು. ಅವರನ್ನು 2011ರಲ್ಲಿ ಆ ಹುದ್ದೆಗೆ ತಂದು ಕೂರಿಸಿದವರು ಇದೇ ಇಸ್ಸೂಫು. ಕ್ಷಿಪ್ರಕ್ರಾಂತಿಯ ಹೊಣೆಯನ್ನು ನಾನು ಅವರ ತಲೆಗೆ ಕಟ್ಟುತ್ತಿಲ್ಲ. ಆದರೆ ಪ್ರಶಸ್ತಿ ಅಳೆದದ್ದು ಒಬ್ಬರ ನಿರ್ಗಮನವನ್ನು ಮಾತ್ರ. ಅವರು ಬಿಟ್ಟುಹೋದ ಮನೆಯ ಬೀಗ ಯಾರ ಕೈಯಲ್ಲಿದೆ ಎಂದು ಕೇಳಲೇ ಇಲ್ಲ.

ಮೊದಲ ಪ್ರಶಸ್ತಿಯ ಕಥೆಯೂ ಇಂಥದೇ. ಅಂತರ್ಯುದ್ಧ ಮುಗಿಸಿದ್ದಕ್ಕೆ, ಸಂವಿಧಾನದಲ್ಲಿ ಅವಕಾಶವಿದ್ದರೂ ಮತ್ತೆ ಸ್ಪರ್ಧಿಸದೆ 2005ರಲ್ಲಿ ಇಳಿದದ್ದಕ್ಕೆ ಚಿಸ್ಸಾನೊ ಅವರನ್ನು ಹೊಗಳಿದರು. ಅವರದೇ ಆಳ್ವಿಕೆಯಲ್ಲಿ, 2000ದ ನವೆಂಬರ್‌ನಲ್ಲಿ, ಕಾರ್ಲೋಸ್ ಕಾರ್ಡೋಸೊ ಎಂಬ ಪತ್ರಕರ್ತನನ್ನು ಮಪುಟೊದ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಆತನ ಪತ್ರಿಕೆ ಚಂದಾದಾರರಿಗೆ ಫ್ಯಾಕ್ಸ್‌ನಲ್ಲಿ ಹೋಗುತ್ತಿದ್ದ ಕೆಲವೇ ಹಾಳೆಗಳದು. ಆತ ಬೆನ್ನುಹತ್ತಿದ್ದು ಒಂದು ದೊಡ್ಡ ಬ್ಯಾಂಕ್ ವಂಚನೆಯನ್ನು. ವಿಚಾರಣೆಯಲ್ಲಿ ಅಧ್ಯಕ್ಷರ ಮಗನ ಹೆಸರೂ ಕೇಳಿಬಂತು. ಮಗ ಆರೋಪ ನಿರಾಕರಿಸಿದರು. ಆ ಹೊತ್ತಿನ ಮೊಜಾಂಬಿಕ್‌ನಲ್ಲಿ ಪ್ರಾಮಾಣಿಕತೆಯ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಫ್ಯಾಕ್ಸ್ ಹಾಳೆಗಳು.

ಒಳ್ಳೆಯ ಹೆಸರು, ಒಳ್ಳೆಯ ಕೆಲಸ ಎರಡೂ ಬೇರೆ ಬೇರೆ ಮನೆಯಲ್ಲಿ ವಾಸಿಸಬಹುದು ಎಂಬುದಕ್ಕೆ ನೈಜೀರಿಯಾದ 2015ರ ಚುನಾವಣೆಗಿಂತ ಚೊಕ್ಕ ಸಾಕ್ಷಿ ಸಿಗದು. ಅಧಿಕಾರದಲ್ಲಿದ್ದವರು ಗುಡ್‌ಲಕ್ ಜೊನಾಥನ್. ಅವರ ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪಗಳು ಸಾಲುಸಾಲು. ಎದುರಾಳಿ ಮುಹಮ್ಮದು ಬುಹಾರಿ. 1983ರ ಕೊನೆಯಲ್ಲಿ ಸೈನ್ಯದ ಬಲದಿಂದ ಬಂದು, ಜನರನ್ನು ಚಾಟಿ ಬೀಸಿ ಸಾಲಿನಲ್ಲಿ ನಿಲ್ಲಿಸಿದ್ದ ಜನರಲ್; ಆದರೆ ಕೈ ಮಾತ್ರ ಶುದ್ಧ ಎಂಬ ಖ್ಯಾತಿ. ಮಾರ್ಚ್ 31ರಂದು ಅಬುಜಾದಲ್ಲಿ ರಾಜ್ಯವಾರು ಫಲಿತಾಂಶ ಓದುತ್ತಿದ್ದಾಗ, ಆಳುವ ಪಕ್ಷದ ಪ್ರತಿನಿಧಿಯಾಗಿದ್ದ ಮಾಜಿ ಮಂತ್ರಿ ಒರುಬೆಬೆ ಮೈಕ್ ಹಿಡಿದು ಕೂಗಾಡಲು ಶುರುಮಾಡಿದರು. ಚುನಾವಣಾ ಆಯೋಗದ ಅಧ್ಯಕ್ಷ ಅತ್ತಾಹಿರು ಜೆಗಾ ಪಕ್ಷಪಾತಿ ಎಂದು ಆರೋಪ. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. ರಾಜ್ಯಶಾಸ್ತ್ರದ ಮೇಷ್ಟ್ರಾಗಿದ್ದ ಜೆಗಾ ಮುಖದ ಒಂದು ಗೆರೆಯೂ ಅಲುಗದಂತೆ ಕೂತು ಕೇಳಿದರು; ಸರದಿ ಬಂದಾಗ ತಣ್ಣಗೆ ನಾಲ್ಕು ಮಾತಾಡಿ ಮುಂದಿನ ರಾಜ್ಯದ ಲೆಕ್ಕ ಕರೆದರು. ಅದೇ ಸಂಜೆ ಜೊನಾಥನ್ ಬುಹಾರಿಗೆ ಫೋನ್ ಮಾಡಿ ಸೋಲೊಪ್ಪಿಕೊಂಡರು. ಅಂತಿಮ ಘೋಷಣೆ ಇನ್ನೂ ಆಗಿರಲಿಲ್ಲ. ನೈಜೀರಿಯಾದಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ಮತಪೆಟ್ಟಿಗೆಯಲ್ಲಿ ಸೋತದ್ದು ಅದೇ ಮೊದಲು.

ಮುಂದೇನಾಯಿತು? ಶುದ್ಧಹಸ್ತರ ಆಳ್ವಿಕೆಯಲ್ಲಿ 2020ರಲ್ಲಿ ಲೆಕ್ಕಿ ಎಂಬಲ್ಲಿ ಪ್ರತಿಭಟನಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. 2021ರಲ್ಲಿ ಟ್ವಿಟರ್ ತಿಂಗಳುಗಟ್ಟಲೆ ಬಂದ್ ಆಯಿತು. ಕೆಟ್ಟ ಹೆಸರು ಹೊತ್ತವರ ಒಂದು ಫೋನ್ ಕರೆ ದೇಶವನ್ನು ರಕ್ತಪಾತದಿಂದ ಉಳಿಸಿತ್ತು. ತಾಂಜಾನಿಯಾದ ಅಧ್ಯಕ್ಷರಾಗಿದ್ದ ಮಗುಫುಲಿಯದೂ ಇದೇ ಜಾತಕ. 2015ರಲ್ಲಿ ಸ್ವಾತಂತ್ರ್ಯ ದಿನದ ಆಡಂಬರ ರದ್ದು ಮಾಡಿ ಪೊರಕೆ ಹಿಡಿದಾಗ ಖಂಡವೆಲ್ಲ ಚಪ್ಪಾಳೆ ತಟ್ಟಿತು. ಆಮೇಲೆ ಅದೇ ಕೈ ಪತ್ರಿಕೆಗಳ, ವಿರೋಧ ಪಕ್ಷಗಳ ಕುತ್ತಿಗೆಗೆ ಬಂತು.

ಜೆಗಾ ಅವರನ್ನು 2010ರಲ್ಲಿ ನೇಮಿಸಿದವರೂ ಜೊನಾಥನ್ನರೇ ತಾನೆ, ಅಂದಮೇಲೆ ನಾಯಕನೇ ಮೂಲ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಒಪ್ಪುವೆ. ನಾಯಕ ಯಾರನ್ನು ನೇಮಿಸುತ್ತಾನೆ ಎಂಬುದು ದೊಡ್ಡ ಮಾತು. ಆದರೆ ನೇಮಕವಾದವನು ನೇಮಿಸಿದವನ ಸೋಲನ್ನೇ ಓದಬೇಕಾಗಿ ಬಂದ ಗಳಿಗೆಯಲ್ಲಿ ಬೇಕಾದ ಧೈರ್ಯ ನೇಮಕ ಪತ್ರದಲ್ಲಿ ಬರೆದಿರುವುದಿಲ್ಲ.

ಗಾಂಬಿಯಾದಲ್ಲಿ ನಡೆದದ್ದು ಇನ್ನೂ ಸೊಗಸು, ಇನ್ನೂ ಭಯಾನಕ. ಅಲ್ಲಿ ಮತಪತ್ರವಿಲ್ಲ, ಗೋಲಿ. ಅಭ್ಯರ್ಥಿಗೊಂದು ಬಣ್ಣ ಬಳಿದು ಫೋಟೊ ಅಂಟಿಸಿದ ಡ್ರಮ್ಮು. ಮತದಾರ ಪರದೆಯ ಹಿಂದೆ ಹೋಗಿ ಕೊಳವೆಯೊಳಗೆ ಗಾಜಿನ ಗೋಲಿ ಬಿಟ್ಟರೆ ಒಳಗೊಂದು ಗಂಟೆ ಟಿಣ್ ಎನ್ನುತ್ತದೆ. ಎರಡು ಸಲ ಕೇಳಿಸಿದರೆ ಸಿಕ್ಕಿಬಿದ್ದ ಹಾಗೆ. ಆ ಸದ್ದಿಗೆ ಗೊಂದಲವಾಗಬಾರದೆಂದು ಮತಗಟ್ಟೆಯ ಹತ್ತಿರ ಸೈಕಲ್ಲಿಗೂ ಪ್ರವೇಶವಿಲ್ಲ. 2016ರ ಡಿಸೆಂಬರ್‌ನಲ್ಲಿ ಹೀಗೆ ಎಣಿಸಿದ ಗೋಲಿಗಳು 22 ವರ್ಷ ಆಳಿದ್ದ ಯಾಹ್ಯಾ ಜಾಮ್ಮೆಹ್ ಸೋತರೆಂದವು. ಅದನ್ನು ಘೋಷಿಸಿದವರು ಆಯೋಗದ ಮುಖ್ಯಸ್ಥ, ಇಳಿವಯಸ್ಸಿನ ಅಲಿಯು ಮೊಮರ್ ನ್ಜೈ. ಕೆಲವೇ ದಿನಗಳಲ್ಲಿ ಆಯೋಗ ತನ್ನ ಎಣಿಕೆಯಲ್ಲಿದ್ದ ದೋಷವನ್ನು ತಾನೇ ಪತ್ತೆಹಚ್ಚಿ ತಿದ್ದಿ ಪ್ರಕಟಿಸಿತು. ಗೆಲುವಿನ ಅಂತರ ಕುಗ್ಗಿತು, ಗೆದ್ದವರು ಬದಲಾಗಲಿಲ್ಲ. ಮೊದಲು ನಗುನಗುತ್ತಾ ಸೋಲೊಪ್ಪಿದ್ದ ಜಾಮ್ಮೆಹ್ ಆ ತಿದ್ದುಪಡಿಯನ್ನೇ ನೆಪ ಮಾಡಿಕೊಂಡು ತಿರುಗಿಬಿದ್ದರು. ಸೈನಿಕರು ಆಯೋಗದ ಕಚೇರಿ ವಶಪಡಿಸಿಕೊಂಡರು, ನ್ಜೈ ಗಡಿ ದಾಟಿ ಸೆನೆಗಲ್‌ಗೆ ಹೋಗಬೇಕಾಯಿತು. ನೆರೆಯ ದೇಶಗಳ ಪಡೆಗಳು ಒಳನುಗ್ಗಿದ ಮೇಲಷ್ಟೇ, 2017ರ ಜನವರಿ 21ರಂದು, ಜಾಮ್ಮೆಹ್ ವಿಮಾನ ಹತ್ತಿದ್ದು.

ಮಲಾವಿಯ ಐವರು ನ್ಯಾಯಾಧೀಶರು 2020ರ ಫೆಬ್ರುವರಿಯಲ್ಲಿ, ವೈಟ್‌ನರ್ ಬಳಿದು ತಿದ್ದಿದ ಫಲಿತಾಂಶ ಪಟ್ಟಿಗಳನ್ನು ನೋಡಿ ಇಡೀ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದುಪಡಿಸಿದರು. ತೀರ್ಪು ಓದಲು ಅವರು ಬಂದದ್ದು ಸೈನಿಕರ ಕಾವಲಿನಲ್ಲಿ, ಗುಂಡುನಿರೋಧಕ ಕವಚ ತೊಟ್ಟು. ಲಂಡನ್ನಿನ ಚಾಥಮ್ ಹೌಸ್ ಆ ವರ್ಷದ ತನ್ನ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಮೊ ಇಬ್ರಾಹಿಂ ಪ್ರಶಸ್ತಿಯ ಷರತ್ತುಗಳಲ್ಲಿ ನ್ಯಾಯಾಧೀಶರಿಗೆ, ಚುನಾವಣಾ ಅಧಿಕಾರಿಗೆ, ಫ್ಯಾಕ್ಸ್ ಪತ್ರಿಕೆಯವನಿಗೆ ಜಾಗವಿಲ್ಲ.

ಜಾಗ ಮಾಡಲಾಗದು ಎಂದೇನಿಲ್ಲ. ಎಂದೂ ಸರ್ಕಾರ ನಡೆಸದ, ಆಳುವವರ ಮುಖಕ್ಕೆ ಸತ್ಯ ಹೇಳುತ್ತಲೇ ಬಂದ ಡೆಸ್ಮಂಡ್ ಟುಟು ಅವರಿಗೆ 2012ರಲ್ಲಿ ಇದೇ ಮೊ ಇಬ್ರಾಹಿಂ ಪ್ರತಿಷ್ಠಾನ ವಿಶೇಷವೆಂದು 10 ಲಕ್ಷ ಡಾಲರ್ ಕೊಟ್ಟಿತು. ಅದು ಅಧ್ಯಕ್ಷರ ಪ್ರಶಸ್ತಿಗೆ ಯಾರೂ ಸಿಗದೇ ಹೋದ ವರ್ಷ. ಮುಂದೆಯೂ ಹಾಗೆ ಖಾಲಿ ಬೀಳುವ ವರ್ಷಗಳು ಬರುತ್ತವೆ; ಆಗ ಆ ಹಣಕ್ಕೆ ಜೆಗಾ, ನ್ಜೈ ಅಂಥವರ ಹೆಸರುಗಳನ್ನು ತರಿಸಿಕೊಂಡು ನೋಡಲು ಸಮಿತಿಗೆ ಇರುವ ಅಡ್ಡಿ ತಾನೇ ಬರೆದುಕೊಂಡ ನಿಯಮವೊಂದೇ.