ಬೆಟ್ಟ ಹತ್ತಬೇಕಾದವರು ಯಾವಾಗಲೂ ಅವರೇ ಯಾಕೆ?

ಭಾನುವಾರ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತೋದು ನಮ್ಮ ಆಫೀಸಿನ ಐದಾರು ಜನರ ಅಭ್ಯಾಸ. ಹರಕೆ ಏನೂ ಇಲ್ಲ, ವಾರವಿಡೀ ಕುರ್ಚಿಯಲ್ಲಿ ಕೂತ ಸೊಂಟಕ್ಕಾಗಿ ಅಷ್ಟೆ. ನಮ್ಮ ಪಕ್ಕದಲ್ಲೇ ಯಾರಾದರೂ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿರುತ್ತಾರೆ. ಸಾವಿರ ಮೆಟ್ಟಿಲು ಅಂದರೆ ಸಾವಿರ ಸಲ ಬಗ್ಗಬೇಕು. ಅವರಿಗೆ ನಮ್ಮ ಸ್ಮಾರ್ಟ್‌ವಾಚ್‌ನಿಂದ ತೊಂದರೆಯಿಲ್ಲ, ನಮಗೆ ಅವರ ಕುಂಕುಮದಿಂದ ತೊಂದರೆಯಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಕಾಲಿಟ್ಟು ದಾಟಿಕೊಂಡು ಹೋಗುತ್ತೇವೆ.

ಈ ಗುಂಪಿನಲ್ಲಿ ಒಬ್ಬಳು ಮುಸ್ಲಿಂ ಗೆಳತಿ ಇದ್ದಾಳೆ. ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವಳು. ನಾನು ಕೆಲಸಕ್ಕೆ ಅಂತ ಬಂದು ಏಳು ವರ್ಷ ಆದವಳು, ಅವಳು ಖಾಸ್ ಮೈಸೂರಿನವಳು. ಎಲ್ಲಿ ಮೆಟ್ಟಿಲು ಕಡಿದು, ಎಲ್ಲಿ ನಿಂತರೆ ಅರಮನೆ ಕಾಣುತ್ತೆ ಅಂತ ನನಗೆ ತೋರಿಸಿದ್ದು ಅವಳೇ. 2025ರ ಸೆಪ್ಟೆಂಬರ್‌ನ ಒಂದು ಭಾನುವಾರ ನಂದಿಯ ಹತ್ತಿರ ಬಂದವಳು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟಳು. "ನೀವ್ ಹೋಗ್‌ಬನ್ನಿ, ನಾನ್ ಇಲ್ಲೇ ಇರ್ತೀನಿ" ಅಂದಳು. ಕಾಲು ನೋವಾ ಅಂತ ಕೇಳಿದೆ. "ಕಾಲಿಗೇನೂ ಆಗಿಲ್ಲ ಕಣೇ."

ಏನಾಗಿದೆ ಅಂತ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ನಮ್ಮ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಫಾರ್ವರ್ಡ್ ಹಾಕಿದ್ದರು. ಬೆಟ್ಟ ಯಾರದ್ದು, ಯಾರು ಹತ್ತಬಹುದು, ಯಾರು ಹತ್ತಬಾರದು ಅನ್ನೋ ಧಾಟಿಯದ್ದು. ಎಲ್ಲರೂ ನೋಡಿದ್ದೆವು. ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಅವತ್ತು ಅವಳನ್ನು ಅಲ್ಲಿ ಬಿಟ್ಟು ಮೇಲೆ ಹೋಗಿಯೂ ಬಂದೆ. ಈ ಬರಹ ಆ ಮೌನದ ಲೆಕ್ಕ ಒಪ್ಪಿಸುವ ಪ್ರಯತ್ನ.

ಆ ತಿಂಗಳು ಏನು ನಡೀತಿತ್ತು ಅಂತ ನಿಮಗೆ ನೆನಪಿರಬಹುದು. ಆ ವರ್ಷದ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಸರ್ಕಾರ ದಸರಾ ಉದ್ಘಾಟನೆಗೆ ಕರೆಯಿತು. ಕನ್ನಡಕ್ಕೆ ಮೊದಲ ಬೂಕರ್ ತಂದವರು, ಅನುವಾದಿಸಿದ ದೀಪಾ ಭಾಸ್ತಿ ಅವರೂ ಕನ್ನಡತಿ. ಎಲ್ಲರೂ ಖುಷಿಪಡಬೇಕಿತ್ತು. ಆದರೆ ವಿಷಯ ಹೈಕೋರ್ಟಿಗೆ ಹೋಯಿತು. ಬೇರೆ ಧರ್ಮದವರು ಉದ್ಘಾಟಿಸಿದರೆ ಯಾರ ಹಕ್ಕಿಗೂ ಧಕ್ಕೆಯಿಲ್ಲ ಅಂತ ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. 19ರಂದು ಸುಪ್ರೀಂ ಕೋರ್ಟ್, ಸಂವಿಧಾನದ ಪೀಠಿಕೆಯನ್ನು ನೆನಪಿಸಿ, ಅಲ್ಲಿಗೆ ಬಂದ ಅರ್ಜಿಯನ್ನೂ ತಳ್ಳಿಹಾಕಿತು. 22ರಂದು ಬಾನು ಬೆಟ್ಟಕ್ಕೆ ಬಂದರು, ದೇವಿಗೆ ಹೂ ಹಾಕಿದರು, ದಸರಾ ಶುರುವಾಯಿತು. ಕೋರ್ಟಿನಲ್ಲಿ ಗೆದ್ದಾಯಿತು ಅಂತ ನಮ್ಮಂಥವರು ಸ್ಟೇಟಸ್ ಹಾಕಿಕೊಂಡೆವು. ನಂದಿಯ ಹತ್ತಿರ ಕೂತಿದ್ದವಳಿಗೆ ಆ ತೀರ್ಪಿನಿಂದ ಏನಾಯಿತು ಅಂತ ಯಾರೂ ಕೇಳಲಿಲ್ಲ.

ಬೇರೆಬೇರೆ ಸಂಸ್ಕೃತಿಯ ಜನ ಒಂದೇ ಊರಲ್ಲಿ ಬಾಳೋದು ಹೇಗೆ ಅನ್ನೋದಕ್ಕೆ ಜಗತ್ತಿನಲ್ಲಿ ಎರಡು ದಾರಿಗಳ ಬಗ್ಗೆ ತುಂಬ ಚರ್ಚೆಯಾಗಿದೆ. ಒಂದು ಬಹುಸಂಸ್ಕೃತಿ ನೀತಿ. ಕೆನಡಾ 1971ರಲ್ಲಿ ಇದನ್ನು ಸರ್ಕಾರದ ನೀತಿ ಮಾಡಿಕೊಂಡಿತು, 1988ರಲ್ಲಿ ಕಾನೂನನ್ನೇ ತಂದಿತು. ಪ್ರತಿಯೊಬ್ಬರ ಸಂಸ್ಕೃತಿಗೂ ಜಾಗ ಇದೆ, ಎಲ್ಲಕ್ಕೂ ಸಮಾನ ಗೌರವ ಅನ್ನೋದು ಇದರ ತಿರುಳು. ಇನ್ನೊಂದನ್ನು ಅಂತರ್‌ಸಂಸ್ಕೃತಿ ಅಂತಾರೆ, ನಾನು ಸುಮ್ಮನೆ 'ಒಡನಾಟ' ಅಂತೀನಿ. ಅದೇ ಕೆನಡಾದೊಳಗೆ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯಕ್ಕೆ ಮೊದಲನೆಯದು ಹಿಡಿಸಲಿಲ್ಲ. ಜೆರಾರ್ಡ್ ಬುಶಾರ್ ಮತ್ತು ಚಾರ್ಲ್ಸ್ ಟೇಲರ್ ನೇತೃತ್ವದ ಆಯೋಗ 2008ರಲ್ಲಿ ಕೊಟ್ಟ ವರದಿ ಒಡನಾಟದ ಪರ ಮಾತಾಡಿತು: ಅವರವರ ಪಾಡಿಗೆ ಬಿಟ್ಟರೆ ಸಾಲದು, ಒಂದು ಸಮಾನ ಭಾಷೆಯಲ್ಲಿ ಕೊಡುಕೊಳ್ಳುವಿಕೆ ನಡೀಬೇಕು.

ಮೊದಲನೆಯದು ನಮಗೆ ಚೆನ್ನಾಗಿ ಗೊತ್ತು, ಹೆಸರು ಮಾತ್ರ ಬೇರೆ. ಆಫೀಸಿನ ಎಥ್ನಿಕ್ ಡೇ ನೋಡಿ. ಒಬ್ಬ ಪಂಚೆ, ಇನ್ನೊಬ್ಬಳು ಕೊಡವ ಸೀರೆ, ಮತ್ತೊಬ್ಬ ಪಠಾಣಿ. ಒಂದು ಗ್ರೂಪ್ ಫೋಟೋ, ಸಂಜೆಗೆ ಎಲ್ಲರೂ ಮತ್ತೆ ಜೀನ್ಸು. ವಿಜಯದಶಮಿಯ ಮೆರವಣಿಗೆಯ ಸ್ತಬ್ಧಚಿತ್ರಗಳೂ ಹಾಗೆಯೇ. ಒಂದೊಂದು ಜಿಲ್ಲೆಯೂ ಒಂದೊಂದು ಗಾಡಿಯ ಮೇಲೆ ತನ್ನ ಹೆಮ್ಮೆ ಹೇರಿಕೊಂಡು ನಮ್ಮ ಮುಂದೆ ಸಾಗುತ್ತದೆ. ನೋಡೋಕೆ ಚೆನ್ನ, ಆದರೆ ಒಂದು ಗಾಡಿ ಇನ್ನೊಂದು ಗಾಡಿಯ ಜೊತೆ ಮಾತಾಡೋದಿಲ್ಲ. ಹೆಸರೇ ಸ್ತಬ್ಧಚಿತ್ರ ಅಲ್ವಾ.

ಈ ಮಾದರಿ ಎಲ್ಲಿ ಕುಸಿಯುತ್ತೆ ಅಂತ ತಿಳಿಯೋಕೆ ಬೆಟ್ಟದ ಮೇಲೆಯೇ ನಿಂತಿರುವ ಮಹಿಷಾಸುರನನ್ನು ನೋಡಬೇಕು. ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಹಾವು. ಬಂದ ಪ್ರವಾಸಿಗರೆಲ್ಲ ಅವನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆತ ರಾಕ್ಷಸನಲ್ಲ, ಈ ನೆಲದ ರಾಜ, ಬೌದ್ಧ ಪರಂಪರೆಯವನು ಅಂತ ದಲಿತ ಮತ್ತು ಪ್ರಗತಿಪರ ಸಂಘಟನೆಗಳು ಮಹಿಷ ದಸರಾ ಆಚರಿಸುತ್ತಾ ಬಂದಿವೆ. ಸಿಂಹಳದ ಮಹಾವಂಶದಲ್ಲಿ ಅಶೋಕನ ಕಾಲಕ್ಕೆ ಮಹಾದೇವ ಥೇರ ಹೋದ ಮಹಿಷಮಂಡಲ ಅಂತ ಒಂದು ನಾಡಿನ ಹೆಸರಿದೆ. ಅದು ಮೈಸೂರು ಸೀಮೆಯೇ ಅನ್ನೋದು ಹಳೆಯ ವಾದ. ಇದನ್ನು ಒಪ್ಪೋದು ಬಿಡೋದು ಬೇರೆ ಮಾತು. 2023ರಲ್ಲಿ ಮಹಿಷ ದಸರಾದವರೂ ಬೆಟ್ಟಕ್ಕೆ ಹೊರಟರು, ಅವರನ್ನು ವಿರೋಧಿಸುವವರೂ ಹೊರಟರು. ಪೊಲೀಸರು ನಿಷೇಧಾಜ್ಞೆ ಹಾಕಿ ಇಬ್ಬರಿಗೂ ಬೆಟ್ಟ ಇಲ್ಲ ಅಂದರು. ಮಹಿಷ ದಸರಾ ಪುರಭವನದಲ್ಲಿ ನಡೆಯಿತು. ಕಾನೂನು ಸುವ್ಯವಸ್ಥೆಯ ಕಣ್ಣಿನಲ್ಲಿ ಇದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ನಮ್ಮ ಬಹುಸಂಸ್ಕೃತಿಯ ಸಾರವೂ ಅದೇ: ನಿಮ್ಮದು ನಿಮ್ಮ ಹಾಲ್‌ನಲ್ಲಿ ಮಾಡ್ಕೊಳ್ಳಿ, ನಮ್ಮದು ನಮ್ಮಲ್ಲಿ. ವಾದ ಆಗಲೇ ಇಲ್ಲ. ಚಾಮುಂಡಿಯ ಭಕ್ತೆಯೊಬ್ಬಳು ಮಹಿಷನ ಕಡೆಯವರ ಮಾತು ಕೂತು ಕೇಳಲಿಲ್ಲ, ಅವರೂ ಇವಳದ್ದು ಕೇಳಲಿಲ್ಲ.

ವಿಚಿತ್ರ ಅಂದರೆ, ಇದೇ ಬೆಟ್ಟದ ಸುತ್ತ ಹಳ್ಳಿಗಳ ಜನಕ್ಕೆ ಒಡನಾಟ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜನಪದರ ಹಾಡುಗಳಲ್ಲಿ ಚಾಮುಂಡಿ ಬರೀ ಮಹಿಷನನ್ನು ಕೊಂದವಳಲ್ಲ, ನಂಜನಗೂಡಿನ ನಂಜುಂಡನ ಪ್ರೇಯಸಿ. ಅವನಿಗೆ ಮನೆಯಲ್ಲಿ ಹೆಂಡತಿ ಇದ್ದಾಳೆ. ಸವತಿಯರ ಜಗಳ ಇದೆ, ಬೈಗುಳ ಇದೆ, ರಾಜಿ ಇದೆ. ಬೆಟ್ಟದ ಕೆಳಗಿನ ಉತ್ತನಹಳ್ಳಿಯ ದೇವಿ ಅಕ್ಕನ ಕಷ್ಟಕ್ಕೆ ಒದಗಿದ ತಂಗಿ, ಮಹಿಷನ ರಕ್ತ ನೆಲಕ್ಕೆ ಬೀಳದಂತೆ ನಾಲಿಗೆ ಚಾಚಿದವಳು. ಅದೇ ನಂಜುಂಡನನ್ನು ಟಿಪ್ಪು ಸುಲ್ತಾನ್ ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ 'ಹಕೀಂ ನಂಜುಂಡ' ಅಂತ ಕರೆದ ಅನ್ನೋ ಐತಿಹ್ಯ ಇವತ್ತಿಗೂ ಇದೆ. ಮೇಲುಜಾತಿ ಕೆಳಜಾತಿ, ಶೈವ ಶಾಕ್ತ, ಊರದೇವತೆ ಪುರಾಣದೇವತೆ ಅನ್ನೋ ವ್ಯತ್ಯಾಸಗಳನ್ನು ಜನ ಮುಚ್ಚಿಡಲಿಲ್ಲ, ಸಂಸಾರದ ಜಗಳ ಮಾಡಿಕೊಂಡರು. ಜಗಳ ಆಡೋಕೆ ಮೊದಲು ನೆಂಟಸ್ತಿಕೆ ಬೇಕಲ್ವಾ?

ಆದರೆ 2025ರಲ್ಲಿ ನಾವು ಆಡಿದ ಜಗಳದಲ್ಲಿ ಎಲ್ಲರ ಬಾಯಲ್ಲೂ ಬಂದ ಪದ 'ಆಸ್ತಿ'. ಬೆಟ್ಟ ಹಿಂದೂಗಳ ಆಸ್ತಿ ಅಂದರು ಒಬ್ಬರು, ಎಲ್ಲರ ಆಸ್ತಿ ಅಂದರು ಇನ್ನೊಬ್ಬರು. ನಾನು ಎರಡನೆಯವರ ಕಡೆ ಇದ್ದೆ. ಈಗ ಅನ್ನಿಸುತ್ತೆ, ಆ ಪದ ಒಪ್ಪಿಕೊಂಡ ಕ್ಷಣವೇ ನಾವೂ ಸೋತಿದ್ದೆವು. ಆಸ್ತಿಗೆ ಪಾಲು ಇರುತ್ತೆ, ನೆಂಟಸ್ತಿಕೆಗೆ ಪಾಲು ಇರೋದಿಲ್ಲ.

ಹಾಗಾದರೆ ಒಡನಾಟವೇ ಸರಿ, ಬಹುಸಂಸ್ಕೃತಿ ತಪ್ಪು ಅಂತ ಮುಗಿಸಬಹುದಿತ್ತು. ಮುಗಿಸೋಕೆ ಆಗ್ತಿಲ್ಲ, ಕಾರಣ ಇಬ್ಬರು ಲೇಖಕರು.

2017ರಲ್ಲಿ ದಸರಾ ಉದ್ಘಾಟಿಸಿದವರು ಕೆ.ಎಸ್. ನಿಸಾರ್ ಅಹಮದ್. ಅವರೂ ಮುಸ್ಲಿಮರೇ. ಆಗ ಈ ಮಟ್ಟದ ಗದ್ದಲ ಆಗಲಿಲ್ಲ. ಎಂಟು ವರ್ಷದಲ್ಲಿ ರಾಜಕೀಯ ಬದಲಾಗಿದೆ ಅನ್ನೋದು ಒಂದು ಉತ್ತರ. ಇನ್ನೊಂದೂ ಇದೆ ಅಂತ ನನ್ನ ಅನುಮಾನ. ನಿಸಾರ್ ಅಂದರೆ ನಮಗೆಲ್ಲ 'ನಿತ್ಯೋತ್ಸವ', ನಾಡನ್ನು ಕೊಂಡಾಡಿದ ಕವಿ. ಅವರು ಬೇರೆಯದನ್ನೂ ಬರೆದಿದ್ದಾರೆ, ಆದರೆ ನಾವು ಉಳಿಸಿಕೊಂಡದ್ದು ಕೊಂಡಾಟವನ್ನು. ಬಾನು ಬಂಡಾಯದಿಂದ ಬಂದವರು. 2023ರ ಒಂದು ಸಮ್ಮೇಳನದಲ್ಲಿ ಅವರೊಂದು ಪ್ರಶ್ನೆ ಎತ್ತಿದ್ದರು: ಕನ್ನಡವನ್ನು ಭುವನೇಶ್ವರಿ ಮಾಡಿ, ಅರಿಶಿನ ಕುಂಕುಮ ಹಚ್ಚಿ ಪೀಠದ ಮೇಲೆ ಕೂರಿಸಿದರೆ ನಾನು ಎಲ್ಲಿ ನಿಲ್ಲಲಿ ಅನ್ನೋ ಅರ್ಥದ್ದು. ಆ ವಿಡಿಯೋವನ್ನೇ ಎರಡು ವರ್ಷ ಆದಮೇಲೆ ಹುಡುಕಿ ತೆಗೆದು ಹಂಚಿದರು. ಕೊಂಡಾಡುವ ಮುಸ್ಲಿಂ ನಮಗೆ ಬೇಕು, ಪ್ರಶ್ನೆ ಕೇಳುವ ಮುಸ್ಲಿಂ ಬೇಡ. ಬಾನು ಅವರ ಆ ಮಾತು ಒಪ್ಪದೆ ಇರಬಹುದು. ನನ್ನ ಅಮ್ಮನಿಗೆ ಭುವನೇಶ್ವರಿ ಅನ್ನೋದು ಪ್ರೀತಿಯ ಹೆಸರು, ಯಾರನ್ನೋ ಹೊರಗಿಡೋ ಹೆಸರಲ್ಲ. ಆದರೆ ಅದಕ್ಕೆ ಉತ್ತರ ಕೊಡಬೇಕಿತ್ತು. ಉತ್ತರ ಕೊಡದೆ ನಾವು ಅವರು ಬೆಟ್ಟಕ್ಕೆ ಬಂದು ಆರತಿ ತಗೊಳ್ತಾರಾ ಇಲ್ವಾ ಅಂತ ಕ್ಯಾಮೆರಾ ಹಿಡಿದು ಕಾದೆವು.

ಒಡನಾಟದ ಕುತ್ತು ಇಲ್ಲಿದೆ. ಕೊಡುಕೊಳ್ಳೋಣ ಅಂತಾರೆ, ಆದರೆ ಮನೆ ಯಜಮಾನ ಮೊದಲೇ ನಿಗದಿಯಾಗಿರುತ್ತಾನೆ. ಬರುವವರು ತಾವು ಒಳ್ಳೆಯ ಅತಿಥಿ ಅಂತ ತೋರಿಸಿಕೊಳ್ಳಬೇಕು. ಕ್ವಿಬೆಕ್ ಕೂಡ ಅಲ್ಲಿಗೇ ಬಂತು. ಒಡನಾಟದ ಮಾತಾಡಿದ ಅದೇ ಪ್ರಾಂತ್ಯ 2019ರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೂ ಸೇರಿ ಹಲವು ನೌಕರರು ಕೆಲಸದ ವೇಳೆ ಹಿಜಾಬ್, ಪೇಟ, ಶಿಲುಬೆ ಧರಿಸಬಾರದು ಅಂತ ಕಾನೂನು ಮಾಡಿತು. ಅದನ್ನು ನೋಡಿದರೆ ಕೆನಡಾದ ಸ್ತಬ್ಧಚಿತ್ರವೇ ಎಷ್ಟೋ ವಾಸಿ ಅನ್ನಿಸುತ್ತೆ. ಕನಿಷ್ಠ ಅಲ್ಲಿ ನಿಮ್ಮ ಗಾಡಿ ನಿಮ್ಮದು.

ಇಷ್ಟಕ್ಕೂ ವಿರೋಧಿಸಿದವರೆಲ್ಲ ದ್ವೇಷಿಗಳಲ್ಲ. ನಂಬಿಕೆ ಇಲ್ಲದವರು ಪೂಜೆ ಯಾಕೆ ಮಾಡಬೇಕು ಅಂತ ನನ್ನ ಅತ್ತೆ ಕೇಳಿದರು. ಪ್ರಾಮಾಣಿಕ ಪ್ರಶ್ನೆ ಅದು. ಉತ್ತರ ಏನಂದರೆ, ದಸರಾ ಉದ್ಘಾಟನೆ ಪೂಜೆಯೂ ಹೌದು, ಸರ್ಕಾರದ ಸಮಾರಂಭವೂ ಹೌದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಮೈಸೂರು ಅರಸರ ದಸರಾ ಈಗ ನಮ್ಮ ತೆರಿಗೆ ಹಣದಲ್ಲಿ ನಡೆಯುವ ನಾಡಹಬ್ಬ. 750 ಕೆಜಿಯ ಅಂಬಾರಿಯಲ್ಲಿ ಮಹಾರಾಜರ ಬದಲು ದೇವಿ ಕೂತಿದ್ದಾಳೆ. ಆ ಆನೆಗಳ ಮಾವುತರು, ಕಾವಾಡಿಗರಲ್ಲಿ ಜೇನುಕುರುಬರಿದ್ದಾರೆ, ಮುಸ್ಲಿಮರಿದ್ದಾರೆ. ಅವರ ನಂಬಿಕೆ ಏನು ಅಂತ ನಾವು ಒಂದು ದಿನವೂ ಕೇಳಿದ್ದಿಲ್ಲ. ದುಡಿಯುವ ಕೈಗೆ ಇಲ್ಲದ ಷರತ್ತು ದೀಪ ಹಚ್ಚುವ ಕೈಗೆ ಮಾತ್ರ ಯಾಕೆ? ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರೀನೇ, ಆದ್ರೂ..." ಅಂದರು. ಆ 'ಆದ್ರೂ' ನನಗೆ ಬೇಸರ ತರಲಿಲ್ಲ. ಅಡುಗೆಮನೆಯಲ್ಲಿ ನಿಂತು ಮಾತಾಡುವಷ್ಟು ಹೊತ್ತಾದರೂ ಸಿಕ್ಕಿತ್ತಲ್ಲ.

ನನ್ನ ತಕರಾರು ಇಷ್ಟು. ಜಾಗ ಕೊಡೋದೂ ಬೇಕು, ಒಡನಾಟವೂ ಬೇಕು. ಹಕ್ಕಿಲ್ಲದ ಒಡನಾಟ ದಾಕ್ಷಿಣ್ಯ ಆಗುತ್ತೆ, ಒಡನಾಟ ಇಲ್ಲದ ಹಕ್ಕು ನಂದಿಯ ಹತ್ತಿರವೇ ಕೂತುಬಿಡುತ್ತೆ. ಆದರೆ ಎರಡಕ್ಕೂ ಮೊದಲು ಕೇಳಬೇಕಾದ್ದು, ಹತ್ತುವ ಕೆಲಸ ಯಾರ ಪಾಲಿಗೆ ಬಿದ್ದಿದೆ ಅನ್ನೋದು. ಇಷ್ಟು ವರ್ಷ ಆಕೆ ನಮ್ಮ ಜೊತೆ ಬೆಟ್ಟ ಹತ್ತಿದಳು, ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಳು, ಎಥ್ನಿಕ್ ಡೇಗೆ ನನ್ನ ಸೀರೆ ಉಟ್ಟಳು. ನಾನು ಮಾಡಿದ್ದು? ಈದ್ ಮಾರನೇ ದಿನ ಅವಳು ಆಫೀಸಿಗೆ ತಂದ ಬಿರಿಯಾನಿ ತಿಂದದ್ದು.

ದಸರಾ ಮುಗಿದ ಮೇಲೆ ಆ ರಾತ್ರಿಯ ಮೌನಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದೆ. ಗುಂಪಿನಲ್ಲೂ ಬರೆದೆ, ತಡವಾಗಿ. ಇಬ್ಬರು ಗುಂಪು ಬಿಟ್ಟು ಹೋದರು. ಅವಳು ಮಾತ್ರ, "ಅದೆಲ್ಲಾ ಬಿಡು, ಒಂದ್ಸಲ ಮನೆಗ್ ಬಾ. ಹಬ್ಬದ ದಿನ ಬೇಡ, ಮಾಮೂಲಿ ದಿನ ಬಾ" ಅಂದಳು.

ಹೋದೆ. ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಎರಡನೇ ಮಹಡಿ. ಅವಳ ಅಮ್ಮ ಅನ್ನ, ಸಾರು, ಬೀನ್ಸ್ ಪಲ್ಯ ಬಡಿಸಿ, "ಏಳ್ ವರ್ಷದಿಂದ ನಿನ್ ಹೆಸರು ಕೇಳ್ತಾ ಇದೀನಿ, ಮುಖ ಇವತ್ತು ನೋಡ್ದೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮನೆಗೆ ಒಟ್ಟು ಮೂವತ್ತಾರು ಮೆಟ್ಟಿಲು. ಇಳಿಯುವಾಗ ಎಣಿಸಿದೆ.